ಹೊಳೆ ಬರುವ ಮೊದಲು

ಮೇ 12, ಸೋಮವಾರ

ಹಾಸನದ ಆಸ್ಪತ್ರೆಯಿಂದ ಮಧ್ಯಾಹ್ನ ಮನೆಗೆ ಬಂದೆವು. ಗಂಟಲಲ್ಲಿ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಕೆಟ್ಟ ಗಂಟಲ್ಲವಂತೆ. ಆದರೆ ಎರಡು ವಾರ ಒಂದು ಮಾತೂ ಆಡುವಂತಿಲ್ಲ. ಪಿಸುಗುಟ್ಟುವುದು ಕೂಗುವುದಕ್ಕಿಂತ ಕೆಟ್ಟದ್ದು ಎಂದರು ಡಾಕ್ಟರು. "ಏನ್ ಕೆಲಸ ನಿಮ್ದು?" ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ ಕವನಾ "ಬಸ್ ಕಂಡಕ್ಟ್ರು ಸಾರ್" ಎಂದಳು. ಅವರು ನಕ್ಕುಬಿಟ್ಟರು. ಅದರಲ್ಲಿ ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಇಷ್ಟು ವರ್ಷ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಹಾಸನ ಹಾಸನ ಹಾಸನ' ಎಂದು ಕೂಗಿದ್ದೇ ನನ್ನ ಜೀವನ. ದನಿ ಮೊದಲಿನಂತೆ ಆಗದಿದ್ದರೆ ಡಿಪೋದಲ್ಲಿ ಟಯರು ಕಾಯಲು ಕೂರಿಸುತ್ತಾರೆ. ಇದನ್ನು ಯಾರೊಡನೆಯೂ ಹೇಳಿಕೊಳ್ಳುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಾತ್ರಿ ಊಟಕ್ಕೆ ಗಂಜಿ ಕೊಡುತ್ತಾ ಕವನಾ, "ನಾಳೆಯಿಂದ ಡ್ಯೂಟಿಗೆ ಓಗ್ತೀನಿ ಕಣ್ರೀ. ಅತ್ತೆ ಮನೇಲಿರ್ತಾರೆ" ಎಂದಳು. ಡ್ಯೂಟಿ ಎಂದರೆ ಪಂಚಾಯಿತಿಯ ಕಸದ ಆಟೋ ಓಡಿಸುವುದು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಮೇ 15, ಗುರುವಾರ

ಅವಳ ಕಸದ ಗಾಡಿ ಬೆಳಿಗ್ಗೆ ಹಾಡು ಹಾಕಿಕೊಂಡು ನಮ್ಮ ಬೀದಿಗೆ ಬರುತ್ತದೆ. ಇಷ್ಟು ದಿನ ಆ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತಿದ್ದೆ. ಈಗ ಹಿತ್ತಲಿಗೆ ಹೋಗಿ ಕೂರುತ್ತೇನೆ.

ನಮ್ಮಪ್ಪ ಈ ಮಡುವಿನಕೊಪ್ಪಲಿನಲ್ಲಿ ಮೇಲಿನ ಬೀದಿಯವರ ಬಿಟ್ಟಿ ಚಾಕರಿಯನ್ನು ಮೊದಲು ಬಿಟ್ಟವನು. ಪೊರಕೆ ಅಲ್ಲೇ ಎಸೆದು ಮನೆಗೆ ಬಂದು, ಗೋಡೆಗೆ ಬುದ್ಧನ ಪಟ ತಗುಲಿಹಾಕಿ, "ಈ ಮನೆಯೋರು ಇನ್ನೊಬ್ರ ಕಸ ಮುಟ್ಟಕೂಡ್ದು" ಎಂದಿದ್ದ. ಅದಕ್ಕಾಗಿ ಏಟು ತಿಂದ. ಅವನ ಮಗ ಖಾಕಿ ಹಾಕಿಕೊಂಡು ಬಸ್ಸು ಹತ್ತಿದ. ಅವನ ಸೊಸೆ ಕಸದ ಗಾಡಿ ಹತ್ತಿದಳು.

ಹೋದ ವರ್ಷ ಈ ವಿಷಯಕ್ಕೆ ಜಗಳವಾಡಿದಾಗ ಅವಳು, "ನಾನು ಡ್ರೈವರು ಕಣ್ರೀ. ಟ್ರೈನಿಂಗ್ ಮಾಡಿ ಲೈಸೆನ್ಸ್ ತಗಂಡಿದೀನಿ. ಕಸ ಅವರವರದ್ದು" ಎಂದಿದ್ದಳು. ನಾನು ತಟ್ಟೆ ಸರಿಸಿ ಎದ್ದು ಹೋಗಿದ್ದೆ.

ಮೇ 21, ಬುಧವಾರ

ಇಂದು ನೀರು ಬರಲಿಲ್ಲ. ನಮ್ಮೂರಿಗೆ ಕುಡಿಯುವ ನೀರು ಬರುವುದು ಹೇಮಾವತಿಯ ದಡದಲ್ಲಿರುವ ಬಾವಿಯಿಂದ. ಆ ನೀರನ್ನು ಪರೀಕ್ಷೆ ಮಾಡಿಸಿದರೆ ಕುಡಿಯಲು ಯೋಗ್ಯವಲ್ಲ ಎಂದು ಬಂದಿದೆಯಂತೆ. ಪಂಚಾಯಿತಿಯ ಪಿಡಿಒ ಪ್ರತಿಭಾ ಮೇಡಂ ಪಂಪ್‌ಹೌಸಿಗೆ ಬೀಗ ಹಾಕಿಸಿದ್ದಾರೆ. ಇನ್ನು ಟ್ಯಾಂಕರ್ ನೀರು.

ಸಂಜೆ ಒಬ್ಬನೇ ದಡಕ್ಕೆ ಹೋಗಿ ನೋಡಿ ಬಂದೆ. ಚಿಕ್ಕವನಾಗಿದ್ದಾಗ ಈಜು ಕಲಿತ ಜಾಗ. ಈಗ ಅಲ್ಲಿ ಮನೆಯೆತ್ತರದ ಕಸದ ಗುಡ್ಡೆ. ಬಾವಿಗೂ ಅದಕ್ಕೂ ನಡುವೆ ಒಂದು ಹುಣಸೆಮರ ಮಾತ್ರ ಅಡ್ಡ. ಹೆಚ್ಚಿನದು ಮೇಲಿನ ಬೀದಿಯ ಬಸವರಾಜು ಅವರ ಕಲ್ಯಾಣ ಮಂಟಪದ್ದು: ಊಟದ ತಟ್ಟೆ, ಲೋಟ, ಸಣ್ಣ ನೀರಿನ ಬಾಟಲಿ, ಥರ್ಮಾಕೋಲು. ಉಳಿದದ್ದು ಊರಿನದು. ನಮ್ಮ ಬೀದಿಯದೂ ಇದೆ, ಇಲ್ಲವೆನ್ನಲಾರೆ. ಪ್ರತಿ ಮಳೆಗಾಲ ಗೊರೂರು ಡ್ಯಾಮಿನಿಂದ ನೀರು ಬಿಟ್ಟಾಗ ಹೊಳೆ ಉಕ್ಕಿ ಗುಡ್ಡೆಯ ಮುಂಭಾಗವನ್ನು ಎಳೆದುಕೊಂಡು ಹೋಗುತ್ತದೆ. ನಾವೆಲ್ಲ ದಡ ಚೊಕ್ಕಟವಾಯಿತು ಎಂದುಕೊಂಡು ಮತ್ತೆ ಹಾಕಲು ಶುರುಮಾಡುತ್ತೇವೆ.

ಕಸದ ಗಾಡಿ ಬಂದ ಮೇಲೂ ಮಂಟಪದವರು ಅದಕ್ಕೆ ಹಾಕುವುದಿಲ್ಲ. ಹೊಳೆ ಹತ್ತಿರವಿದೆಯಲ್ಲ.

ಮೇ 24, ಶನಿವಾರ

ಟ್ಯಾಂಕರಿನ ಮುಂದೆ ಸಾಲು. ಕಿಟಕಿಯಲ್ಲಿ ಕೂತು ನೋಡುತ್ತಿದ್ದಾಗ ಕವನಾಳ ಗಾಡಿಯೂ ಬಂತು. ಮೇಲಿನ ಬೀದಿಯ ಒಬ್ಬಾತ ಕಸದ ಚೀಲವನ್ನು ರಸ್ತೆಯಲ್ಲಿಟ್ಟು, ಎತ್ತಿಕೋ ಎಂಬಂತೆ ಕೈ ತೋರಿಸಿದ. ಅವಳು ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಅತ್ತಿತ್ತ ನೋಡಿದ. ಸಾಲಿನಲ್ಲಿದ್ದ ಹೆಂಗಸರು ಅವನನ್ನೇ ನೋಡುತ್ತಿದ್ದರು. ಕೊನೆಗೆ ತಾನೇ ಬಂದು ಚೀಲ ಎತ್ತಿ ಗಾಡಿಗೆ ಹಾಕಿದ. ಕವನಾ "ಥ್ಯಾಂಕ್ಸ್ ಅಣ್ಣ" ಎಂದು ಮುಂದೆ ಹೋದಳು.

ದಿನಾ ಹೀಗೆಯೇ ನಡೆಯುತ್ತದೆಯೋ ಏನೋ. ಅವಳನ್ನು ಕೇಳಬೇಕು.

ಮೇ 27, ಮಂಗಳವಾರ

ಡಾಕ್ಟರು ಹೇಳಿದ ಎರಡು ವಾರ ಮುಗಿಯಿತು. ಹಿತ್ತಲಿಗೆ ಹೋಗಿ ಮೆಲ್ಲಗೆ "ಹಾಸನ" ಎಂದೆ. ಒಡೆದ ಪೀಪಿಯಂಥ ಸದ್ದು ಬಂತು. ಇನ್ನು ಆಡುವುದಿಲ್ಲ.

ಮೇ 30, ಶುಕ್ರವಾರ

ಶಾಲೆಯ ಮುಂದೆ ಗ್ರಾಮಸಭೆ. ಪ್ರತಿಭಾ ಮೇಡಂ ನೇರವಾಗಿ ಹೇಳಿದರು: "ಬಾವಿ ಕೆಟ್ಟಿರೋದು ಆ ಗುಡ್ಡೆಯಿಂದ. ಡ್ಯಾಮ್‌ನಿಂದ ನೀರು ಬಿಡೋ ಮೊದಲು ಅದನ್ನ ಎತ್ತಲೇಬೇಕು. ಇಲ್ಲದಿದ್ರೆ ಹೊಳೆ ಉಕ್ಕಿದಾಗ ಕೊಚ್ಚೆಯೆಲ್ಲ ಬಾವಿಗೆ ನುಗ್ಗುತ್ತೆ. ಆಮೇಲೆ ವರ್ಷವಿಡೀ ಟ್ಯಾಂಕರೇ ಗತಿ."

ಎಲ್ಲರೂ ತಲೆಯಾಡಿಸಿದರು. ಮೇಲಿನ ಬೀದಿಯ ಕೆಂಪಣ್ಣ ಎದ್ದು ನಿಂತ. ಊರಿನಲ್ಲಿ ದೊಡ್ಡ ಟ್ರಾಕ್ಟರ್ ಇರುವುದು ಅವನದೇ.

"ನನ್ ಟ್ಯಾಕ್ಟ್ರು ಕೊಡ್ತೀನಿ ಮೇಡಂ. ಎತ್ತೋಕೆ ಕೆಳಗಿನ ಬೀದಿಯೋರಿಗೆ ಏಳಿ. ಅವ್ರಿಗ್ ಅಭ್ಯಾಸ ಅಲ್ವಾ. ಕೂಲಿ ಕೊಟ್ರಾಯ್ತು."

ನಾನು ಏಳಲು ಹೋಗಿ, ದನಿ ಇಲ್ಲದ್ದು ನೆನಪಾಗಿ ಕೂತೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಕವನಾ ಎದ್ದಳು. ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

"ಕೆಂಪಣ್ಣ, ಅಭ್ಯಾಸ ತಪ್ಪಿ ನಲವತ್ತು ವರ್ಷ ಆಯ್ತು. ಆ ಗುಡ್ಡೆಗೆ ಎಲ್ಲಾ ಬೀದಿಯೋರೂ ಆಕಿದೀವಿ, ಎಲ್ಲಾ ಬೀದಿಯೋರೂ ಎತ್ತನ. ಮನೆಗೊಬ್ರು ಬರ್ಲಿ. ಈ ಭಾನುವಾರ ಬಿಟ್ಟು ಅದ್ರಾಚೆ ಭಾನುವಾರ ನಾವು ಬೆಳಿಗ್ಗೇನೇ ದಡದಾಗಿರ್ತೀವಿ. ನೀವು ಬರೋಗಂಟ ಒಂದ್ ಲೋಟಾನೂ ಮುಟ್ಟಾಕಿಲ್ಲ."

ಸಭೆ ಗಲಾಟೆಯಲ್ಲೇ ಮುಗಿಯಿತು. ಮನೆಗೆ ಬರುವಾಗ ಅವಳ ಜೊತೆಯಲ್ಲೇ ನಡೆದು ಬಂದೆ. ಅವಳ ಕೈ ತಣ್ಣಗಿತ್ತು.

ಜೂನ್ 3, ಮಂಗಳವಾರ

ಬಸವರಾಜು ಅವರು ನಮ್ಮ ಜಗಲಿಗೆ ಬಂದು ಕೂತರು. ಕೆಟ್ಟ ಮನುಷ್ಯರಲ್ಲ. ಶಾಲೆಗೆ ಗೇಟು ಹಾಕಿಸಿಕೊಟ್ಟವರು. ಮಂಟಪದಲ್ಲಿ ಇದೇ ತಿಂಗಳು ದೊಡ್ಡ ಮದುವೆಯೊಂದಿದೆ, ನೀರಿನ ಸುದ್ದಿ ಕೇಳಿ ಹೆಣ್ಣಿನ ಕಡೆಯವರು ಬೇರೆ ಮಂಟಪ ನೋಡುತ್ತಿದ್ದಾರಂತೆ.

"ಮನೋಹರ, ನೀನು ಲೋಕ ಕಂಡೋನು. ಮನೆಯವಳಿಗೆ ಸ್ವಲ್ಪ ಹೇಳಪ್ಪ. ಮನೆಗೊಬ್ರು ಅಂದ್ರೆ ಯಾರು ಬತ್ತಾರೆ? ಮಳೆ ಬಂದ್ರೆ ಎಲ್ಲ್ರಿಗೂ ತೊಂದ್ರೆ. ಕೇಳಿದಷ್ಟು ಕೂಲಿ ಕೊಡ್ತೀನಿ, ನಿಮ್ಮೋರನ್ನ ಕರಕೊಂಡು ಎತ್ತಿಸಿಬಿಡು."

ನಾನು ಮೊಬೈಲಿನಲ್ಲಿ 'ಆಗಲ್ಲ ಸಾರ್. ನೀವೂ ಬನ್ನಿ' ಎಂದು ಬರೆದು ಅವರ ಮುಂದೆ ಹಿಡಿದೆ. ಕನ್ನಡಕ ತಂದಿರಲಿಲ್ಲ ಅವರು. ಹಿಂದಕ್ಕೂ ಮುಂದಕ್ಕೂ ಹಿಡಿದು ನೋಡಿ, ಬಾಗಿಲಲ್ಲಿ ಕೂತಿದ್ದ ನಮ್ಮವ್ವನಿಗೆ, "ಮಾರಮ್ಮ, ಏನು ಬರೆದವ್ನೆ ನೋಡು" ಎಂದರು.

"ನಂಗ್ ಓದಾಕ್ ಬರಾಕಿಲ್ಲ ಯಜಮಾನ್ರೇ" ಎಂದಳು ಅವ್ವ. "ಆದ್ರೂ ಏನ್ ಬರ್ದವ್ನೆ ಅಂತ ಗೊತ್ತು. ಅವನಪ್ಪ ಪೊರಕೆ ಬಿಸಾಕ್ದಾಗ ಮಕ ಇಂಗೇ ಇತ್ತು. ಆಗಕ್ಕಿಲ್ಲ ಅಂತ ಬರ್ದವ್ನೆ."

ಬಸವರಾಜು ಅವರು ನೀರು ಕುಡಿಯದೆ ಎದ್ದು ಹೋದರು. ಟ್ಯಾಂಕರ್ ನೀರೇ ಕೊಟ್ಟಿದ್ದೆವು. ಅದಕ್ಕೆ ಕುಡಿಯಲಿಲ್ಲವೋ, ಬೇರೆ ಕಾರಣಕ್ಕೋ, ಯೋಚಿಸಲು ಹೋಗಲಿಲ್ಲ.

ಜೂನ್ 8, ಭಾನುವಾರ

ಏನು ದಿನ ಇದು! ಎಲ್ಲಿಂದ ಬರೆಯಲಿ.

ಬೆಳಿಗ್ಗೆ ನಮ್ಮ ಬೀದಿಯ ಎಲ್ಲ ಮನೆಯವರೂ ದಡಕ್ಕೆ ಹೋದೆವು. ಕೈಗವಸು, ಮಂಕರಿ, ಸಲಿಕೆ ಎಲ್ಲ ಸಿದ್ಧ. ಹೋಗಿ ಹುಣಸೆಮರದ ಕೆಳಗೆ ಸುಮ್ಮನೆ ಕೂತೆವು. ಪ್ರತಿಭಾ ಮೇಡಂ ಕೂಡ ಸ್ಕೂಟಿ ನಿಲ್ಲಿಸಿ ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತರು. ಬಿಸಿಲೇರಿತು. ಮೇಲಿನ ಬೀದಿಯವರು ಒಬ್ಬೊಬ್ಬರೇ ಬಂದು ರಸ್ತೆಯ ಮೇಲೆ ನಿಂತರು. ಒಬ್ಬರೂ ಕೆಳಗಿಳಿಯಲಿಲ್ಲ. ಬಸವರಾಜು ಅವರೂ ಅಲ್ಲೇ ಇದ್ದರು, ಕೈ ಕಟ್ಟಿಕೊಂಡು.

"ಯಾಕ್ರವ್ವ ಕೂತಿದೀರಿ? ಸುರು ಮಾಡಿ ಮತ್ತೆ" ಎಂದು ಕೆಂಪಣ್ಣ ಅಲ್ಲಿಂದಲೇ ಕೂಗಿದ.

"ನಿಮ್ಮನ್ನೇ ಕಾಯ್ತಾ ಇದೀವಿ ಕಣಣ್ಣ" ಎಂದಳು ಕವನಾ.

ಅವರು ಮೇಲೆ, ನಾವು ಕೆಳಗೆ, ನಡುವೆ ಗುಡ್ಡೆ. ಆ ವಾಸನೆಯಲ್ಲಿ ಹಾಗೆ ಕೂರುವುದು ಸುಲಭವಲ್ಲ. ಮಕ್ಕಳು ಗೊಣಗತೊಡಗಿದವು. ಇದು ಆಗುವ ಕೆಲಸವಲ್ಲ, ಎದ್ದು ಹೋಗೋಣ ಎಂದು ಕವನಾಳ ಕಡೆ ಕೈಸನ್ನೆ ಮಾಡಿದೆ. ಅವಳು ನೋಡಿಯೂ ನೋಡದವಳಂತೆ ಕೂತಿದ್ದಳು. ಅವ್ವ ಎಲೆಯಡಿಕೆ ಚೀಲ ಬಿಚ್ಚಿ, "ನಮ್ಗೇನವಸರ?" ಎಂದಳು.

ಆಗ ರಸ್ತೆಯ ಮೇಲಿನ ಗುಂಪು ಬಿರಿಯಿತು. ಬಸವರಾಜು ಅವರ ಹೆಂಡತಿ ಪ್ರೇಮಕುಮಾರಿ ಅಮ್ಮನವರು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಮಂಕರಿ ಹಿಡಿದು ಇಳಿದು ಬಂದರು. ನೇರ ಕವನಾಳ ಮುಂದೆ ಬಂದು ನಿಂತು, "ಟ್ಯಾಂಕರ್ ಮುಂದೆ ನಿಂತು ನಿಂತು ಸಾಕಾಯ್ತು ಕಣವ್ವ. ಎಲ್ಲಿಂದ ಸುರು ಮಾಡನ?" ಎಂದರು.

ಕವನಾ ಎದ್ದಳು. ಮೊದಲು ಅವರ ಕೈಗೆ ಕೈಗವಸು ಹಾಕಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಬಗ್ಗಿದರು. ನಾವೆಲ್ಲ ಎದ್ದೆವು.

ಸ್ವಲ್ಪ ಹೊತ್ತಿನಲ್ಲೇ ಪ್ರೇಮಕುಮಾರಿ ಅಮ್ಮನವರು ನೆಟ್ಟಗಾಗಿ ನಿಂತುಬಿಟ್ಟರು. ಕೈಯಲ್ಲಿ ಒಂದು ಪುಟ್ಟ ನೀರಿನ ಬಾಟಲಿ. ಮದುವೆ ಮನೆಗಳಲ್ಲಿ ಈಗ ಬಾಟಲಿಗೆ ಗಂಡು ಹೆಣ್ಣಿನ ಫೋಟೋ ಅಂಟಿಸುತ್ತಾರಲ್ಲ, ಅಂಥದ್ದು. ಅಮ್ಮನವರು ಅದನ್ನು ಸೆರಗಿನಿಂದ ಒರೆಸಿದರು. ಆಮೇಲೆ ರಸ್ತೆಯ ಕಡೆ ತಿರುಗಿ ಗಂಡನನ್ನು ಕರೆದರು.

"ರೀ, ಇಲ್ ಬನ್ನಿ. ನಮ್ ರೂಪಶ್ರೀ ಇಲ್ ಬಿದ್ದವ್ಳೆ."

ರೂಪಶ್ರೀ ಅವರ ಒಬ್ಬಳೇ ಮಗಳು. ಆಚೆ ವರ್ಷ ಅದೇ ಮಂಟಪದಲ್ಲಿ ಮದುವೆಯಾಗಿತ್ತು, ಊರಿಗೆಲ್ಲ ಊಟ ಹಾಕಿದ್ದರು. ಬಸವರಾಜು ಅವರು ಚಪ್ಪಲಿಯನ್ನೂ ನೋಡಿಕೊಳ್ಳದೆ ಕೊಚ್ಚೆಯಲ್ಲಿ ಇಳಿದು ಬಂದರು. ಬಾಟಲಿಯನ್ನು ಕೈಗೆ ತೆಗೆದುಕೊಂಡು ಮಗಳ ಮುಖ ನೋಡುತ್ತಾ ನಿಂತರು. ಅಂಥವೇ ಇನ್ನೂ ಎಷ್ಟೋ ಅವರ ಕಾಲಡಿಯಲ್ಲೇ ಇದ್ದವು. ಪಂಚೆ ಎತ್ತಿ ಕಟ್ಟಿ, ಬಗ್ಗಿ, ಹೆಕ್ಕತೊಡಗಿದರು.

ಅವರು ಇಳಿದ ಮೇಲೆ ರಸ್ತೆಯ ಮೇಲೆ ಯಾರು ನಿಲ್ಲುತ್ತಾರೆ! ಮಧ್ಯಾಹ್ನದ ಹೊತ್ತಿಗೆ ಯಾವ ಬೀದಿಯವರು ಯಾರೆಂದು ಗುರುತು ಹಿಡಿಯಲಾಗುತ್ತಿರಲಿಲ್ಲ. ಎಲ್ಲರ ಮುಖಕ್ಕೂ ಟವೆಲ್ಲು, ಎಲ್ಲರ ಮೈಗೂ ಕೊಚ್ಚೆ.

ಜೂನ್ 11, ಬುಧವಾರ

ಸೊಂಟ ನೋವು. ಬೆಳಿಗ್ಗೆ ಗಾಡಿಯ ಜೊತೆ ಹೋಗಿ ಬಂದೆ. ಕವನಾಳ ಗಾಡಿಯ ಕನ್ನಡಿ ಸರಿ ಇಲ್ಲ, ಹಿಂದಕ್ಕೆ ತೆಗೆಯುವಾಗ ನೋಡಿಕೊಳ್ಳಲು ಒಬ್ಬರು ಬೇಕು.

ಜೂನ್ 15, ಭಾನುವಾರ

ಹೋದ ವಾರ ಜನ ಹೆಚ್ಚಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಒಂದು ಟ್ರಾಕ್ಟರ್ ತುಂಬುವಾಗ ಇನ್ನೊಂದು ಅಡ್ಡ ನಿಲ್ಲುತ್ತಿತ್ತು. ಈ ಸಲ ನಾನು ಟ್ರಿಪ್ಪು ಹಾಕಿದೆ. ತಟ್ಟೆ ಲೋಟಕ್ಕೆ ಒಂದು ಗಾಡಿ, ಗಾಜಿಗೆ ಒಂದು, ಬಟ್ಟೆಬರೆಗೆ ಒಂದು. ತುಂಬಿದ್ದು ಹುಣಸೆಮರದ ಬಲಕ್ಕೆ ಹೋಗಬೇಕು, ಖಾಲಿಯಾದದ್ದು ಎಡಕ್ಕೆ ಬರಬೇಕು. ಎಲ್ಲವೂ ಪಂಚಾಯಿತಿಯ ಶೆಡ್ಡಿಗೆ. ಅಲ್ಲಿ ಬೇರ್ಪಡಿಸುವ ಕೆಲಸಕ್ಕೆ ಮೇಡಂ ನಿಂತಿದ್ದಾರೆ.

ಕೆಂಪಣ್ಣ ಟ್ರಾಕ್ಟರನ್ನು ಹಿಂದಕ್ಕೆ ತರುತ್ತಾ ಬಾವಿಯ ಕಟ್ಟೆಗೆ ಗುದ್ದಿಸಿಯೇಬಿಡುತ್ತಿದ್ದ. "ಹೋಲ್ಡಾನ್! ಹೋಲ್ಡಾನ್!" ಎಂದು ಓಡಿಹೋಗಿ ಟ್ರೈಲರಿಗೆ ಬಡಿದೆ. ನಿಲ್ಲಿಸಿದ. ತಲೆ ಹೊರಗೆ ಹಾಕಿ ನನ್ನನ್ನೇ ಪಿಳಿಪಿಳಿ ನೋಡಿದ. ಇವನಿಗೆ ಇನ್ನೂ ಸ್ಟೇರಿಂಗು ಹಿಡಿಯಲು ಬರುವುದಿಲ್ಲ, ಊರಿಗೆಲ್ಲ ದೊಡ್ಡ ಟ್ರಾಕ್ಟರ್ ಬೇರೆ. "ರೈಟ್" ಎಂದೆ, ಹೊರಟ.

ಊಟಕ್ಕೆ ಎಲ್ಲರೂ ಮಂಟಪದಲ್ಲೇ ಕೂತೆವು. ಬಸವರಾಜು ಅವರೇ ಬಡಿಸಿದರು. ಬಾಳೆಲೆ.

ಅವ್ವ ಊಟದ ನಡುವೆ ನನ್ನ ಕಡೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಖಾರ ಹೆಚ್ಚಾಗಿತ್ತು.

ಜೂನ್ 22, ಭಾನುವಾರ

ಮಂಟಪದ ದೊಡ್ಡ ಮದುವೆ ಆಯಿತು. ಗುಡ್ಡೆ ಎತ್ತುತ್ತಿರುವ ಸುದ್ದಿ ಕೇಳಿ ಹೆಣ್ಣಿನ ಕಡೆಯವರು ಬೇರೆ ಮಂಟಪ ಹಿಡಿಯಲಿಲ್ಲ. ಇದು ಬೇರೆಯೇ ಯುದ್ಧ. ಕವನಾಳ ಸ್ವಸಹಾಯ ಸಂಘದ ಹೆಂಗಸರು ಸ್ಟೀಲ್ ತಟ್ಟೆ ಲೋಟಗಳನ್ನು ಒಟ್ಟು ಹಾಕಿ, ಮದುವೆಗೆ ಬಾಡಿಗೆ ಕೊಡುವುದೆಂದು ಬಸವರಾಜು ಅವರ ಜೊತೆ ಮಾತಾಡಿದ್ದರು. ಅಡುಗೆ ಕಾಂಟ್ರಾಕ್ಟರ್ "ಪಂಕ್ತಿ ನಿಂತೋಗುತ್ತೆ, ಮರ್ಯಾದೆ ಹೋಗುತ್ತೆ" ಎಂದು ಹೆದರಿಸಿದ್ದ.

ಪಂಕ್ತಿ ನಿಲ್ಲಲಿಲ್ಲ. ಒಂದು ಕಡೆ ತೊಳೆಯುವುದು, ಒಂದು ಕಡೆ ಬಿಸಿನೀರಲ್ಲಿ ಅದ್ದುವುದು, ಒಂದು ಕಡೆ ಒರೆಸುವುದು. ಪ್ರೇಮಕುಮಾರಿ ಅಮ್ಮನವರು ಮೇಲಿನ ಬೀದಿಯ ಹೆಂಗಸರನ್ನೂ ಕರೆತಂದು ತೊಳೆಯುವ ಕಡೆಗೇ ನಿಲ್ಲಿಸಿದ್ದರು. ಬಾಟಲಿಯ ಬದಲು ನೀರಿನ ಹಂಡೆಗಳು. ಹೆಣ್ಣಿನ ತಂದೆ ಹೊರಡುವಾಗ ಬಸವರಾಜು ಅವರ ಕೈ ಹಿಡಿದು, "ಮನೆಯಲ್ಲಿ ಉಂಡಂಗೆ ಇತ್ತು ಸಾರ್" ಎಂದರಂತೆ. ಇದನ್ನು ಅವರು ನನಗೆ ಹೇಳಿದ್ದೇ ಹೇಳಿದ್ದು.

ಮದುವೆ ಮುಗಿದ ಮೇಲೆ ಕವನಾ ಗಾಡಿಯನ್ನು ಮಂಟಪದ ಬಾಗಿಲಿಗೆ ತಂದಳು. ಮಾವಿನ ತೋರಣ, ಹೂವು, ಮಿಕ್ಕ ಅನ್ನ. ಅಷ್ಟೇ. ನಮ್ಮ ಗಾಡಿಯ ಅರ್ಧವೂ ತುಂಬಲಿಲ್ಲ.

ಜೂನ್ 24, ಮಂಗಳವಾರ

ಹಾಸನದ ಡಾಕ್ಟರ ಹತ್ತಿರ ಹೋಗಬೇಕಾದದ್ದು ಹೋದ ವಾರ. ಮರೆತೇಹೋಗಿತ್ತು. ಫೋನ್ ಮಾಡಿ ಕೇಳಿದೆ. "ನೀವೇ ಮಾತಾಡ್ತಿರೋದಾ?" ಎಂದರು. ಹೌದು ಸಾರ್, ಇನ್ಯಾರು ಎಂದೆ. ಮತ್ತೆ ನಕ್ಕರು. ಆ ಡಾಕ್ಟರಿಗೆ ನಗುವುದೊಂದು ಚಾಳಿ.

ಜೂನ್ 30, ಸೋಮವಾರ

ಮೇಲೆ ಮಲೆನಾಡಿನಲ್ಲಿ ಬಿಡದೆ ಮಳೆ. ಡ್ಯಾಮು ತುಂಬುತ್ತಿದೆ, ಯಾವ ಗಳಿಗೆಯಲ್ಲಾದರೂ ನೀರು ಬಿಡುತ್ತಾರೆ, ಹೊಳೆಗೆ ಯಾರೂ ಇಳಿಯಬಾರದು ಎಂದು ಟಾಂಟಾಂ ಆಗಿದೆ. ಗುಡ್ಡೆಯ ಮೇಲಿನದೆಲ್ಲ ಹೋಯಿತು. ಅಡಿಯದು ಉಳಿದಿದೆ, ವರ್ಷಗಟ್ಟಲೆ ಮಣ್ಣಿನಲ್ಲಿ ಅಂಟಿ ಕೂತದ್ದು. ಸಲಿಕೆಗೆ ಬರುವುದಿಲ್ಲ, ಕೈಯಿಂದಲೇ ಎಳೆಯಬೇಕು.

ಭಾನುವಾರದವರೆಗೆ ಕಾಯುವಂತಿಲ್ಲ. ಪಂಚಾಯಿತಿ ಮೈಕಿನಲ್ಲಿ ನಾನೇ ಹೇಳಿದೆ: ನಾಳೆಯಿಂದ ದಿನಾ ಸಂಜೆ, ಎಲ್ಲರೂ, ಕೆಲಸ ಮುಗಿಸಿ ನೇರ ದಡಕ್ಕೆ.

ಜುಲೈ 2, ಬುಧವಾರ

ಎತ್ತಿದೆವು! ಎಲ್ಲವನ್ನೂ!

ಸಂಜೆ ಸುರಿಯುತ್ತಿದ್ದ ಮಳೆಯಲ್ಲಿ ಊರಿಗೆ ಊರೇ ಸಾಲಾಗಿ ನಿಂತಿತ್ತು. ಕೈಯಿಂದ ಕೈಗೆ ಮಂಕರಿ. ನನ್ನ ಎಡಕ್ಕೆ ಬಸವರಾಜು ಅವರು, ಬಲಕ್ಕೆ ನಮ್ಮವ್ವ. ಅವ್ವ ಮಂಕರಿ ಕೊಡುವಾಗಲೆಲ್ಲ "ಇಡ್ಕಳಿ ಯಜಮಾನ್ರೇ, ಜಾರೀತು" ಎಂದು ನನ್ನನ್ನು ದಾಟಿ ಅವರಿಗೇ ಕೂಗಿ ಹೇಳುತ್ತಿದ್ದಳು. ಅವರು "ಆಯ್ತು ಕಣವ್ವ, ಆಯ್ತು" ಎನ್ನುತ್ತಿದ್ದರು. ಕೆಂಪಣ್ಣನ ಟ್ರಾಕ್ಟರ್ ಕೆಸರಿನಲ್ಲಿ ಹೂತುಹೋಯಿತು. ಎಲ್ಲರೂ ನೂಕಿದೆವು. ಚಕ್ರದಿಂದ ಹಾರಿದ ಕೆಸರು ನೆತ್ತಿಯಿಂದ ಅಂಗಾಲಿನವರೆಗೆ. ಗಾಡಿ ಮೇಲೆ ಬಂದಾಗ ಕೆಂಪಣ್ಣ ಇಳಿದು ಬಂದು ಕವನಾಳ ಮುಂದೆ ನಿಂತ.

"ಅವತ್ತು ಸಭೇಲಿ ಅಂಗ್ ಅನ್ಬಾರ್ದಿತ್ತು ಕಣವ್ವ."

"ಅಂದಿದ್ದಕ್ಕೇ ಅಲ್ವಾ ಅಣ್ಣ ಎಲ್ಲ್ರೂ ಬಂದಿದ್ದು" ಎಂದಳು ಕವನಾ. ಅವಳ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಕೊನೆಯ ಟ್ರೈಲರ್ ಹೊರಟ ಮೇಲೆ ನೆಲ ಕಂಡಿತು. ಮರಳು. ಹೊಳೆಯ ಮರಳು, ನಾನು ಈಜು ಕಲಿತ ಮರಳು. ಪ್ರತಿಭಾ ಮೇಡಂ ಅದರ ಮೇಲೆ ಬರಿಗಾಲಲ್ಲಿ ಆಚೆಯಿಂದ ಈಚೆಗೆ ನಡೆದು ನೋಡಿದರು.

ಜುಲೈ 4, ಶುಕ್ರವಾರ

ಹೊಳೆ ಬಂತು.

ಬೆಳಿಗ್ಗೆ ಸದ್ದಿಗೇ ಎಚ್ಚರವಾಯಿತು. ನಾವು ಹೋಗುವಷ್ಟರಲ್ಲಿ ಎಲ್ಲ ಬೀದಿಯವರೂ ರಸ್ತೆಯ ಮೇಲೆ ನಿಂತಿದ್ದರು. ಕೆಂಪು ನೀರು ದಡಕ್ಕೆ ದಡ ತುಂಬಿ, ಮರಳಿನ ಮೇಲೆ ಹತ್ತಿ, ಹುಣಸೆಮರದ ಬೇರಿನವರೆಗೂ ಬಂದು, ಸುತ್ತು ಹೊಡೆದು ಹೋಗುತ್ತಿತ್ತು. ಪ್ರತಿ ವರ್ಷ ಈ ಹೊತ್ತಿಗೆ ತಟ್ಟೆ, ಬಾಟಲಿಗಳು ದಂಡಾಗಿ ತೇಲಿ ಹೋಗುವುದನ್ನು ನೋಡುತ್ತಿದ್ದೆವು. ಇಂದು ನೋಡಲು ಏನೂ ಇರಲಿಲ್ಲ. ಒಂದು ಮರದ ಕೊಂಬೆ, ಒಂದಿಷ್ಟು ಹುಲ್ಲು. ಬಾವಿಯ ಕಟ್ಟೆಯ ಹತ್ತಿರ ಒಂದು ಚೂರು ಕಾಗದವೂ ಇಲ್ಲ. ನೀರು ಇಳಿದ ಮೇಲೆ ಬಾವಿಯನ್ನು ತೊಳೆಸಿ, ಮತ್ತೆ ಪರೀಕ್ಷೆ ಮಾಡಿಸಿ, ಸರಿ ಬಂದರೆ ಬೀಗ ತೆಗೆಯುತ್ತೇವೆ ಎಂದರು ಮೇಡಂ. ಬೀಗದ ಕೈಯನ್ನು ಮಾತ್ರ ಈಗಲೇ ಹಿಡಿದುಕೊಂಡಿದ್ದರು.

ಅಷ್ಟರಲ್ಲಿ ಅವ್ವನ ಮೊಬೈಲು ಹೊಡೆದುಕೊಂಡಿತು. ಅವ್ವನ ತಮ್ಮ, ನನ್ನ ಸೋದರಮಾವ ಚಿಕ್ಕಯ್ಯ. ಹೊಳೆಯ ಕೆಳಗಿನ ಊರಿನವನು, ದಂಡೆಯಲ್ಲೇ ಗದ್ದೆ. ಅವ್ವನಿಗೆ ಕಿವಿ ಮಂದ, ಅದಕ್ಕೇ ಯಾವಾಗಲೂ ಸ್ಪೀಕರ್ ಹಾಕುತ್ತಾಳೆ.

"ಅಕ್ಕಾ! ಎಲ್ಲಾ ಚೆಂದಾಗಿದೀರಾ?" ಅವನ ದನಿಯಲ್ಲಿ ಗಾಬರಿ. "ನೀರ್ ಬಂದೈತೆ ಕಣಕ್ಕ, ನಿಮ್ಮೂರ್ ಕಸ ಬಂದಿಲ್ಲ! ವರ್ಸ ವರ್ಸ ಗದ್ದೆ ತುಂಬಾ ಬಂದು ಬೀಳೋದು. ಏನಾಯ್ತೋ, ಊರಿಗೇನಾದ್ರೂ ಆಗೋಯ್ತೋ ಅಂತ ಎದೆ ಒಡ್ಕತಾ ಐತೆ!"

ದಡದ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಮೊದಲು ನಕ್ಕದ್ದು ಬಸವರಾಜು ಅವರು. ಆಮೇಲೆ ಕೆಂಪಣ್ಣ. ಆಮೇಲೆ ಹೊಳೆಯ ಸದ್ದೂ ಕೇಳದಷ್ಟು ನಗು. ಪ್ರೇಮಕುಮಾರಿ ಅಮ್ಮನವರು ಕವನಾಳ ಹೆಗಲಿಗೆ ಒರಗಿ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವ್ವ ಮಾತ್ರ ನಗಲಿಲ್ಲ. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ತುಂಬಿದ ಹೊಳೆಯನ್ನೊಮ್ಮೆ ನೋಡಿ, ತಮ್ಮನಿಗೆ ಹೇಳಿದಳು:

"ಈ ಸಲ ಬರೀ ನೀರ್ ಕಳ್ಸಿದೀವಿ ಕಣ್ಲಾ. ಗದ್ದೆಗ್ ಬಿಟ್ಕೋ."